ಕರ್ನಲ್ ಲೋಪ: ಅಂಕ ಬೇರೆ, ಅಪಾಯ ಬೇರೆ

ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳಿಗೆ ಕರ್ನಲ್ ಎಂದು ಹೆಸರು. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಇವುಗಳಲ್ಲಿ ಯಾವುದನ್ನು ಯಾವ ಪ್ರೋಗ್ರಾಂ ಯಾವಾಗ ಮುಟ್ಟಬಹುದು ಎಂದು ತೀರ್ಮಾನಿಸುವ ಅಧಿಕಾರ ಅದರದ್ದು. ಒಬ್ಬ ಬಳಕೆದಾರನ ಕಡತ ಇನ್ನೊಬ್ಬನ ಕಣ್ಣಿಗೆ ಬೀಳದಿರುವುದು, ಒಂದು ಆಟದ ಆ್ಯಪ್ ಬ್ಯಾಂಕಿನ ಆ್ಯಪ್‌ನ ಮೆಮೊರಿಯೊಳಗೆ ಇಣುಕದಿರುವುದು, ಎಲ್ಲವೂ ಕರ್ನಲ್ ಮೇಲಿನ ನಂಬಿಕೆಯನ್ನೇ ನೆಚ್ಚಿಕೊಂಡಿವೆ. ಈ ಪದರದಲ್ಲೇ ಲೋಪವೊಂದು ಸಿಕ್ಕಿ ಯಾರಾದರೂ ಅದನ್ನು ಬಳಸಿಕೊಂಡರೆ ಮೇಲಿನ ಕಾವಲುಗಳೆಲ್ಲ ಹೆಸರಿಗಷ್ಟೇ ಉಳಿಯುತ್ತವೆ. ಆದ್ದರಿಂದ ಕರ್ನಲ್ ಲೋಪದ ಸುದ್ದಿ ಬಂದಾಗಲೆಲ್ಲ ಗಾಬರಿ ಹುಟ್ಟುವುದು ಸಹಜ. ಆದರೆ ಲಿನಕ್ಸ್ ಕರ್ನಲ್ ಒಂದೇ 3 ಕೋಟಿಗೂ ಹೆಚ್ಚು ಸಾಲುಗಳ ಕೋಡ್. ಅದರಲ್ಲಿ ತಪ್ಪುಗಳು ವಾರ ವಾರವೂ ಸಿಗುತ್ತವೆ. ಯಾವುದಕ್ಕೆ ಇವತ್ತು ರಾತ್ರಿಯೇ ನಿದ್ದೆಗೆಡಬೇಕು, ಯಾವುದನ್ನು ಮುಂದಿನ ತಿಂಗಳ ಅಪ್‌ಡೇಟ್‌ವರೆಗೆ ತಾಳಿಕೊಳ್ಳಬಹುದು, ಯಾವುದು ತಮ್ಮ ಯಂತ್ರಕ್ಕೆ ಸಂಬಂಧವೇ ಇಲ್ಲದ್ದು ಎಂದು ಬೇರ್ಪಡಿಸುವ ಕೆಲಸವೇ ಅಪಾಯದ ಮೌಲ್ಯಮಾಪನ.

ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ಈ ಕೆಲಸ ಎಷ್ಟು ಜಾರು ನೆಲದ್ದು ಎಂದು ಗೊತ್ತಾಗುತ್ತದೆ. 2022ರ ಡಿಸೆಂಬರ್ 22ರಂದು, ಅರ್ಧ ಜಗತ್ತು ಕ್ರಿಸ್‌ಮಸ್ ರಜೆಗೆ ಗಂಟು ಕಟ್ಟುತ್ತಿದ್ದ ಹೊತ್ತಿನಲ್ಲಿ, ಜೀರೊ ಡೇ ಇನಿಶಿಯೇಟಿವ್ ಎಂಬ ಸಂಸ್ಥೆ ಲಿನಕ್ಸ್ ಕರ್ನಲ್‌ನ ಲೋಪವೊಂದನ್ನು ಪ್ರಕಟಿಸಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ದೂರದಿಂದಲೇ ಕರ್ನಲ್ ಒಳಗೆ ತಮ್ಮ ಕೋಡ್ ಓಡಿಸಬಹುದು ಎಂಬುದು ಅದರ ಸಾರ. ವ್ಯವಸ್ಥಾಪಕರು ರಜೆ ಬಿಟ್ಟು ಟರ್ಮಿನಲ್ ಮುಂದೆ ಕೂತು ನೋಡಿದರೆ, ಲೋಪವಿದ್ದದ್ದು ಕೆಎಸ್‌ಎಂಬಿಡಿ ಎಂಬ ಹೊಸ ಫೈಲ್ ಹಂಚಿಕೆ ಮಾಡ್ಯೂಲ್‌ನಲ್ಲಿ. 5.15ನೇ ಆವೃತ್ತಿಯಲ್ಲಷ್ಟೇ ಸೇರಿಕೊಂಡಿದ್ದ ಅದನ್ನು ಬಳಸುವವರೇ ವಿರಳ. ಎಲ್ಲರೂ ಬಳಸುವ ಸಾಂಬಾ ಬೇರೆಯೇ ತಂತ್ರಾಂಶ, ಅದಕ್ಕೆ ಏನೂ ಆಗಿರಲಿಲ್ಲ. ಸಾಲದ್ದಕ್ಕೆ ದುರಸ್ತಿ ಆಗಸ್ಟ್‌ನಲ್ಲೇ 5.15.61ರಲ್ಲಿ ಬಂದಿತ್ತು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು.

ಇನ್ನೊಂದು ಕಡೆ ವಿಂಡೋಸ್ ಮೇಲಿನ ಎಟರ್ನಲ್‌ಬ್ಲೂ ಎಂಬ ದಾಳಿ ಉಪಕರಣ. ಅದು ಬಳಸಿಕೊಂಡ ಲೋಪ ಹಳೆಯ ಎಸ್‌ಎಂಬಿ-1 ಸೇವೆಯನ್ನು ನಡೆಸುವ ಕರ್ನಲ್ ಡ್ರೈವರ್‌ನಲ್ಲಿತ್ತು. ಮೈಕ್ರೋಸಾಫ್ಟ್ ತಾನು ಅದನ್ನು ಅತಿ ಗಂಭೀರ ಎಂದೇ ಕರೆದಿದ್ದರೂ, ಅಂಕಪದ್ಧತಿಯ ಮೂರನೇ ಆವೃತ್ತಿಯ ಲೆಕ್ಕದಲ್ಲಿ ಅದು 9ನ್ನು ಮುಟ್ಟಲಿಲ್ಲ. 2017ರ ಮಾರ್ಚ್ 14ರಂದು ಪ್ಯಾಚ್ ಬಂತು. ಏಪ್ರಿಲ್ 14ರಂದು ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು, ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿಯದೆಂದು ಹೇಳಲಾದ ದಾಳಿ ಉಪಕರಣಗಳನ್ನು, ಎಟರ್ನಲ್‌ಬ್ಲೂ ಸಮೇತ, ಬೀದಿಗೆ ಸುರಿಯಿತು. ಮೇ 12ರಂದು ಅದನ್ನೇ ಬಳಸಿ ವಾನ್ನಾಕ್ರೈ ಎಂಬ ಒತ್ತೆಹಣದ ಕುತಂತ್ರಾಂಶ ಹರಡತೊಡಗಿ 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಮೂರನೇ ಒಂದರಷ್ಟು ಟ್ರಸ್ಟ್‌ಗಳ ಕೆಲಸ ಅಸ್ತವ್ಯಸ್ತವಾಯಿತು. ಬೆಂಬಲ ನಿಲ್ಲಿಸಿ ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯಿತು. ಜೂನ್‌ನಲ್ಲಿ ಅದೇ ಲೋಪವನ್ನೂ ಬಳಸಿಕೊಂಡು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಬಂದಾಗ ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಸ್ತಬ್ಧವಾಯಿತು.

ಹತ್ತಕ್ಕೆ ಹತ್ತು ಪಡೆದದ್ದು ಏನೂ ಮಾಡಲಿಲ್ಲ, ಒಂಬತ್ತು ಮುಟ್ಟದ್ದು ಹಡಗು ನಿಲ್ಲಿಸಿತು. ಹಾಗಾದರೆ ಈ ಅಂಕ ಅಳೆಯುವುದಾದರೂ ಏನನ್ನು?

ಅಂಕಪದ್ಧತಿಯ ಹೆಸರು ಸಿವಿಎಸ್‌ಎಸ್. 2005ರಲ್ಲಿ ಶುರುವಾದ ಇದನ್ನು ಫಸ್ಟ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ನೋಡಿಕೊಳ್ಳುತ್ತದೆ. ನಾಲ್ಕನೇ ಆವೃತ್ತಿ 2023ರ ನವೆಂಬರ್‌ನಲ್ಲಿ ಹೊರಬಂತು. ಮೂರನೇ ಆವೃತ್ತಿಯ ಪ್ರಶ್ನೆಗಳು ಸರಳ. ದಾಳಿ ಎಲ್ಲಿಂದ: ನೆಟ್‌ವರ್ಕ್ ಮೂಲಕವೋ, ಪಕ್ಕದ ಜಾಲದಿಂದಲೋ, ಅದೇ ಯಂತ್ರದೊಳಗಿಂದಲೋ, ಕೈಯಲ್ಲಿ ಮುಟ್ಟಿಯೋ? ಕಷ್ಟವೋ, ಸುಲಭವೋ? ಮೊದಲೇ ಏನಾದರೂ ಅಧಿಕಾರ ಇರಬೇಕೇ? ಬಳಕೆದಾರ ಏನನ್ನಾದರೂ ಒತ್ತಬೇಕೇ? ಗೆದ್ದರೆ ಗೌಪ್ಯತೆ, ಮಾಹಿತಿಯ ಸಾಚಾತನ, ಸೇವೆಯ ಲಭ್ಯತೆ ಈ ಮೂರಕ್ಕೂ ಎಷ್ಟೆಷ್ಟು ಪೆಟ್ಟು? ಒಂದು ಮಾಮೂಲಿ ಕರ್ನಲ್ ಲೋಪವನ್ನು ಈ ಪ್ರಶ್ನೆಗಳಿಗೆ ಒಡ್ಡಿ ನೋಡಬಹುದು. ಯಂತ್ರದೊಳಗಿಂದ, ಸುಲಭ, ಸಾಮಾನ್ಯ ಬಳಕೆದಾರನ ಖಾತೆ ಸಾಕು, ಯಾರೂ ಏನೂ ಒತ್ತಬೇಕಿಲ್ಲ, ಮೂರಕ್ಕೂ ಗರಿಷ್ಠ ಪೆಟ್ಟು. ಉತ್ತರ 7.8. ಸಾಮಾನ್ಯ ಖಾತೆಯಿಂದ ರೂಟ್ ಅಧಿಕಾರಕ್ಕೆ, ಅಂದರೆ ಯಂತ್ರದ ಪೂರ್ಣ ಹಿಡಿತಕ್ಕೆ, ಏರುವ ಕರ್ನಲ್ ಲೋಪಗಳಲ್ಲಿ ಬಹುಪಾಲಿಗೆ ಇದೇ 7.8 ಅಂಟಿಕೊಂಡಿರುವುದು ಅದಕ್ಕೇ. ಒಂದೇ ಅಂಕದ ನೂರಾರು ಲೋಪಗಳಿದ್ದಾಗ ಯಾವುದು ಮೊದಲು ಎಂಬ ಪ್ರಶ್ನೆಗೆ ಆ ಅಂಕದಲ್ಲಿ ಉತ್ತರವಿಲ್ಲ.

ಸಿವಿಎಸ್‌ಎಸ್ ರೂಪಿಸಿದವರೂ ಇದನ್ನು ಮುಚ್ಚಿಟ್ಟಿಲ್ಲ. ಮೂಲ ಅಂಕ ಲೋಪದ ತೀವ್ರತೆಯನ್ನು ಹೇಳುತ್ತದೆ, ಅಪಾಯವನ್ನಲ್ಲ ಎಂದು ಮಾರ್ಗಸೂಚಿಯಲ್ಲೇ ಬರೆದಿದ್ದಾರೆ. ಪ್ರತಿ ಸಂಸ್ಥೆಯೂ ತನ್ನ ಪರಿಸರಕ್ಕೆ ತಕ್ಕಂತೆ ಅಂಕವನ್ನು ತಿದ್ದಿಕೊಳ್ಳಲು ಪ್ರತ್ಯೇಕ ಖಾನೆಗಳನ್ನೂ ಇಟ್ಟಿದ್ದಾರೆ. ಆ ಖಾನೆಗಳನ್ನು ತುಂಬುವ ವ್ಯವಧಾನ ಹೆಚ್ಚಿನ ಕಚೇರಿಗಳಿಗೆ ಇಲ್ಲ. ಲೆಕ್ಕಪರಿಶೋಧಕರ ಹಾಳೆಯಲ್ಲಿ ಏಳಕ್ಕಿಂತ ಮೇಲಿನದೆಲ್ಲ ಕೆಂಪು ಬಣ್ಣದಲ್ಲಿ ಬರುತ್ತದೆ, ಅಷ್ಟಕ್ಕೆ ಕೈತೊಳೆದುಕೊಳ್ಳುತ್ತಾರೆ.

ಈ ಪ್ರಶ್ನೆಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ‘ಯಂತ್ರದೊಳಗಿಂದ’ ಎಂಬ ಉತ್ತರ. ದಾಳಿಕೋರ ಮೊದಲೇ ಒಳಗಿರಬೇಕಲ್ಲ, ಹಾಗಾದರೆ ನಮಗೇನು ಎಂದು ಓದಿದವರಿಗೆ ಅನ್ನಿಸುತ್ತದೆ. ಒಬ್ಬನೇ ಬಳಸುವ, ನಂಬಿಕಸ್ಥ ತಂತ್ರಾಂಶಗಳಷ್ಟೇ ಇರುವ ಯಂತ್ರದ ಮಟ್ಟಿಗೆ ಅದು ತಕ್ಕಮಟ್ಟಿಗೆ ನಿಜ. ಆದರೆ ವೆಬ್ ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲಿ ಸಾವಿರಾರು ಗ್ರಾಹಕರು ಒಂದೇ ಕರ್ನಲ್ ಮೇಲೆ ಕೂತಿರುತ್ತಾರೆ. ಕಂಟೇನರ್‌ಗಳೂ ಅಷ್ಟೇ: ಪ್ರತಿಯೊಂದೂ ಪ್ರತ್ಯೇಕ ಯಂತ್ರದಂತೆ ಕಂಡರೂ ಎಲ್ಲದರ ಅಡಿಯಲ್ಲಿರುವುದು ಒಂದೇ ಕರ್ನಲ್. ಮೊಬೈಲ್‌ನಲ್ಲಂತೂ ಇನ್‌ಸ್ಟಾಲ್ ಆದ ಪ್ರತಿ ಆ್ಯಪ್ ಕೂಡ ‘ಒಳಗಿನ’ ಬಳಕೆದಾರನೇ. ಇನ್ನು ವೆಬ್‌ಸೈಟಿನ ಯಾವುದೋ ಹಳೆಯ ಪ್ಲಗಿನ್ ಮೂಲಕ ಕಡಿಮೆ ಅಧಿಕಾರದಲ್ಲಿ ಒಳಬಂದವನಿಗೆ ಪೂರ್ಣ ಹಿಡಿತಕ್ಕೆ ಬೇಕಾದ ಎರಡನೇ ಮೆಟ್ಟಿಲು ಕರ್ನಲ್ ಲೋಪವೇ.

2016ರ ಅಕ್ಟೋಬರ್‌ನಲ್ಲಿ ಬಯಲಾದ ಡರ್ಟಿ ಕೌ ಇದಕ್ಕೆ ಪಠ್ಯಪುಸ್ತಕದಂಥ ಉದಾಹರಣೆ. ಫಿಲ್ ಓಸ್ಟರ್ ಎಂಬ ತಂತ್ರಜ್ಞ ತನ್ನ ಸರ್ವರ್‌ಗಳಿಗೆ ಬರುವ ಎಚ್‌ಟಿಟಿಪಿ ಸಂಚಾರವನ್ನೆಲ್ಲ ದಾಖಲಿಸಿಡುತ್ತಿದ್ದ. ದಾಳಿಯೊಂದರ ಬಳಿಕ ಆ ದಾಖಲೆಯನ್ನು ಜಾಲಾಡಿದಾಗ ದಾಳಿ ಕೋಡ್ ಇಡಿಯಾಗಿ ಕೈಗೆ ಸಿಕ್ಕಿತು. ಓದಲು ಮಾತ್ರ ಅನುಮತಿಯಿದ್ದ ಕಡತದ ಮೇಲೆ ಬರೆಯಲು ಬಿಡುವ ಈ ಲೋಪ ಕಡೇಪಕ್ಷ 2007ರ 2.6.22ನೇ ಆವೃತ್ತಿಯಿಂದಲೂ ಕರ್ನಲ್‌ನಲ್ಲೇ ಇತ್ತು. ದುರಸ್ತಿಯ ಟಿಪ್ಪಣಿಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕೊಟ್ಟ ವಿವರ ಮೌಲ್ಯಮಾಪನ ಮಾಡುವವರು ಗೋಡೆಗೆ ಅಂಟಿಸಿಕೊಳ್ಳುವಂಥದ್ದು. ಹನ್ನೊಂದು ವರ್ಷದ ಹಿಂದೆಯೇ ಆತ ಇದನ್ನು ಸರಿಪಡಿಸಲು ನೋಡಿದ್ದ. ಐಬಿಎಂನ ಎಸ್-390 ಯಂತ್ರಗಳಲ್ಲಿ ತೊಂದರೆ ಬಂತೆಂದು ಆ ದುರಸ್ತಿಯನ್ನು ಹಿಂದೆಗೆಯಲಾಗಿತ್ತು. ಎರಡು ಕೆಲಸಗಳು ಒಂದೇ ಕ್ಷಣಕ್ಕೆ ಡಿಕ್ಕಿ ಹೊಡೆಯಬೇಕಾದ ಆ ಸಂದರ್ಭ ಅಂದು ಕಾಗದದ ಮೇಲಷ್ಟೇ ಸಾಧ್ಯವಿತ್ತು. ಕರ್ನಲ್‌ನ ಮೆಮೊರಿ ನಿರ್ವಹಣೆ ಬೆಳೆದಂತೆ ಅದು ಸುಲಭಸಾಧ್ಯವಾಯಿತು. ಲೋಪದ ಸಾಲುಗಳನ್ನು ಯಾರೂ ಮುಟ್ಟದೆಯೇ ಅದರ ಅಪಾಯ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು.

ಪ್ಯಾಚ್ ಬಂದ ಮಾತ್ರಕ್ಕೆ ಡರ್ಟಿ ಕೌ ಕಥೆ ಮುಗಿಯಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಟ್ರೆಂಡ್ ಮೈಕ್ರೊ ಸಂಸ್ಥೆ ಝೆಡ್‌ಎನ್‌ಐಯು ಎಂಬ ಆಂಡ್ರಾಯ್ಡ್ ಕುತಂತ್ರಾಂಶವನ್ನು ಪತ್ತೆ ಮಾಡಿತು. ಡರ್ಟಿ ಕೌ ಬಳಸಿ ಫೋನಿನ ರೂಟ್ ಅಧಿಕಾರ ಹಿಡಿಯುತ್ತಿದ್ದ ಅದು 40ಕ್ಕೂ ಹೆಚ್ಚು ದೇಶಗಳಲ್ಲಿ ಕಂಡುಬಂದಿತ್ತು. ತುತ್ತಾದವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ಅದೇ ವರ್ಷದ ನವೆಂಬರ್‌ನಲ್ಲಿ ಮೂಲ ದುರಸ್ತಿಯೇ ಅರೆಬರೆ ಎಂದೂ ಬಯಲಾಯಿತು. ದೊಡ್ಡ ಮೆಮೊರಿ ಪುಟಗಳ ವಿಷಯದಲ್ಲಿ ಹಳೆಯ ತೊಂದರೆ ಹೊಸ ವೇಷದಲ್ಲಿ ಉಳಿದುಕೊಂಡಿತ್ತು.

ಡರ್ಟಿ ಪೈಪ್ ಎಂಬ ಇನ್ನೊಂದು ಲೋಪ ಸಿಕ್ಕ ಬಗೆ ಇನ್ನೂ ಸ್ವಾರಸ್ಯಕರ. 2021ರಲ್ಲಿ ಜರ್ಮನಿಯ ಹೋಸ್ಟಿಂಗ್ ಕಂಪನಿಯೊಂದಕ್ಕೆ, ಡೌನ್‌ಲೋಡ್ ಮಾಡಿದ ಲಾಗ್ ಕಡತ ಬಿಚ್ಚಿಕೊಳ್ಳುತ್ತಿಲ್ಲ ಎಂದು ಗ್ರಾಹಕನ ದೂರು ಬಂತು. ಆಗಾಗ ಇದೇ ದೂರು. ಅಲ್ಲಿನ ಮ್ಯಾಕ್ಸ್ ಕೆಲರ್‌ಮನ್ ಕೆಟ್ಟ ಕಡತಗಳನ್ನೆಲ್ಲ ತೆರೆದು ನೋಡಿದಾಗ ಹಾಳಾಗಿದ್ದದ್ದು ಪ್ರತಿಯೊಂದರ ಕೊನೆಯ 8 ಬೈಟ್‌ಗಳು ಮಾತ್ರ. ಅಲ್ಲಿ ಕೂತಿದ್ದದ್ದು ‘ಪಿ’, ‘ಕೆ’ ಎಂಬ ಅಕ್ಷರಗಳಿಂದ ಶುರುವಾಗುವ ಜಿಪ್ ಕಡತದ ತಲೆಬರಹ. ಅದೂ ಹೆಚ್ಚಾಗಿ ತಿಂಗಳ ಕೊನೆಯ ದಿನದ ಲಾಗ್‌ನಲ್ಲಿ. ಇಡೀ ತಿಂಗಳ ಲಾಗ್‌ಗಳನ್ನು ಒಟ್ಟುಗೂಡಿಸಿ ಜಿಪ್ ಮಾಡಿ ಕಳಿಸುವ ಪ್ರೋಗ್ರಾಂ ಕೊನೆಯಲ್ಲಿ ಆ ತಲೆಬರಹವನ್ನು ಪೈಪ್‌ಗೆ, ಅಂದರೆ ದತ್ತಾಂಶ ಸಾಗಿಸುವ ಕೊಳವೆಗೆ, ಬರೆಯುತ್ತಿತ್ತು. ಕರ್ನಲ್ ಅದನ್ನು ಪಕ್ಕದಲ್ಲಿ ಮೆಮೊರಿಯಲ್ಲಿದ್ದ ಕಡತದ ಪುಟದ ಮೇಲೆಯೇ ಬರೆದುಬಿಡುತ್ತಿತ್ತು. ಬರೆಯುವ ಅನುಮತಿಯೇ ಆ ಪ್ರೋಗ್ರಾಂಗೆ ಇರಲಿಲ್ಲ! ಅನುಮತಿಯಿಲ್ಲದ ಕಡತಕ್ಕೆ ಬೇಕಾದ್ದನ್ನು ಬರೆಯಬಹುದೆಂದರೆ ಪಾಸ್‌ವರ್ಡ್ ಕಡತಕ್ಕೂ ಬರೆಯಬಹುದು ಎಂದರ್ಥ. 2022ರ ಮಾರ್ಚ್ 7ರಂದು ವಿವರ ಪ್ರಕಟವಾಯಿತು. ಅಂಕ, ಮತ್ತದೇ 7.8.

ಇಲ್ಲಿ ಮೌಲ್ಯಮಾಪನ ತಲೆಕೆಳಗಾದದ್ದು ಗಮನಿಸಬೇಕು. ಲೋಪ ಸೇರಿಕೊಂಡದ್ದು 5.8ನೇ ಆವೃತ್ತಿಯಲ್ಲಿ. ಹಳೆಯ ಕರ್ನಲ್ ಇಟ್ಟುಕೊಂಡ ಅಗ್ಗದ ಫೋನುಗಳಿಗೆ ಏನೂ ಆಗಲಿಲ್ಲ. ಸಿಕ್ಕಿಬಿದ್ದದ್ದು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಪಿಕ್ಸೆಲ್ 6, ಗ್ಯಾಲಕ್ಸಿ ಎಸ್-22ರಂಥ ದುಬಾರಿ ಫೋನುಗಳು. ಡರ್ಟಿ ಕೌಗಿಂತ ಇದನ್ನು ಪ್ರಯೋಗಿಸುವುದೂ ಸಲೀಸು, ಕ್ಷಣದ ಹೊಂದಾಣಿಕೆಗಾಗಿ ಕಾಯಬೇಕಿಲ್ಲ.

ಆವೃತ್ತಿ ಸಂಖ್ಯೆಯನ್ನು ನೋಡಿ ತೀರ್ಮಾನಿಸಿದರಾಯಿತು ಎಂದುಕೊಂಡರೆ ಅದೂ ಮೋಸ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ತನ್ನ ಇಡೀ ಆಯುಷ್ಯ 3.10 ಎಂಬ ಸಂಖ್ಯೆಯಲ್ಲೇ ಕಳೆಯಿತು. ಹೊಸ ಕರ್ನಲ್‌ಗಳ ದುರಸ್ತಿಗಳನ್ನೂ ಎಷ್ಟೋ ಸೌಲಭ್ಯಗಳನ್ನೂ ಹಳೆಯ ಅಡಿಪಾಯಕ್ಕೆ ಹೊಲಿದು ಕೊಡುವುದು ಅಂಥ ಕಂಪನಿಗಳ ಪದ್ಧತಿ. ಸಂಖ್ಯೆ ಹಳೆಯದಾದರೂ ಲೋಪ ಹೋಗಿರಬಹುದು. ಸಂಖ್ಯೆ ಹಳೆಯದೆಂದು ನೆಮ್ಮದಿಯಿಂದಿದ್ದರೆ ಹೊಸ ಸೌಲಭ್ಯದ ಜೊತೆಗೆ ಹೊಸ ಲೋಪವೂ ಬಂದಿರಬಹುದು. ವಿತರಕ ಕಂಪನಿಯ ಸುರಕ್ಷಾ ಪ್ರಕಟಣೆ ಓದದೆ, ಕರ್ನಲ್ ಆವೃತ್ತಿ ತಿಳಿಸುವ ‘ಯುನೇಮ್’ ಆಜ್ಞೆಯ ಉತ್ತರವನ್ನಷ್ಟೇ ನಂಬುವ ಸ್ಕ್ಯಾನರ್‌ಗಳು ದಿನವೂ ಸುಳ್ಳು ಗಂಟೆ ಬಾರಿಸುತ್ತಿರುತ್ತವೆ.

ಲೋಪ ಇದೆ ಎಂಬುದಕ್ಕಿಂತ ಅಲ್ಲಿಗೆ ತಲುಪಲು ದಾರಿ ತೆರೆದಿದೆಯೇ ಎಂಬುದು ಮುಖ್ಯ. 2024ರ ಜನವರಿಯಲ್ಲಿ ಪ್ರಕಟವಾದ, ಸಿವಿಇ-2024-1086 ಎಂಬ ಗುರುತುಸಂಖ್ಯೆಯ ಲೋಪ ಲಿನಕ್ಸ್‌ನ ಫೈರ್‌ವಾಲ್ ಭಾಗವಾದ ಎನ್‌ಎಫ್-ಟೇಬಲ್ಸ್‌ನದ್ದು. ಹಿಂದಿರುಗಿಸಿದ ಮೆಮೊರಿಯನ್ನೇ ಮತ್ತೊಮ್ಮೆ ಹಿಂದಿರುಗಿಸುವ ತಪ್ಪು. ಫೈರ್‌ವಾಲ್ ನಿಯಮ ಬದಲಿಸುವುದು ರೂಟ್ ಕೆಲಸವಲ್ಲವೇ, ಸಾಮಾನ್ಯ ಬಳಕೆದಾರ ಅಲ್ಲಿಗೆ ಹೋಗುವುದು ಹೇಗೆ? ‘ಯೂಸರ್ ನೇಮ್‌ಸ್ಪೇಸ್’ ಎಂಬ ಸೌಲಭ್ಯದ ಮೂಲಕ. ಅದು ಯಾವ ಬಳಕೆದಾರನಿಗೂ ತನ್ನದೇ ಪುಟ್ಟ ಲೋಕದಲ್ಲಿ ರೂಟ್ ಆಗಲು ಬಿಡುತ್ತದೆ. ಬ್ರೌಸರ್ ಸ್ಯಾಂಡ್‌ಬಾಕ್ಸ್‌ಗಳಿಗೂ ಕಂಟೇನರ್‌ಗಳಿಗೂ ಅದು ಬೇಕು. ಆ ಪುಟ್ಟ ಲೋಕದ ರೂಟ್ ಎನ್‌ಎಫ್-ಟೇಬಲ್ಸ್‌ನ ಲೋಪವನ್ನು ಕೆದಕಿದರೆ ಸಿಗುವುದು ಇಡೀ ಯಂತ್ರದ ರೂಟ್. ಮಾರ್ಚ್‌ನಲ್ಲಿ ಹೊರಬಿದ್ದ ದಾಳಿ ಕೋಡ್, ಪರೀಕ್ಷೆಗೆ ಒಳಪಡಿಸಿದ ಕೆಲವು ಕರ್ನಲ್‌ಗಳ ಮೇಲೆ ನೂರಕ್ಕೆ 99.4 ಸಲ ಗೆಲ್ಲುತ್ತದೆ ಎಂದು ಅದನ್ನು ಬರೆದವನ ಲೆಕ್ಕ. ಈ ಸೌಲಭ್ಯವನ್ನು ಸಾಮಾನ್ಯ ಬಳಕೆದಾರರಿಗೆ ಮುಚ್ಚಿದ್ದ ಸರ್ವರ್‌ನಲ್ಲಿ ಲೋಪ ಇದ್ದರೂ ಆ ದಾರಿ ಇರಲಿಲ್ಲ. ಉಬುಂಟು 24.04ರಿಂದ ಈ ಸೌಲಭ್ಯಕ್ಕೆ ಪೂರ್ವನಿಯೋಜಿತವಾಗಿಯೇ ಕಡಿವಾಣ ಹಾಕಿದ್ದು ಸುಮ್ಮನೆ ಅಲ್ಲ.

ಗೂಗಲ್ ಇನ್ನೂ ಕಟುವಾದ ತೀರ್ಮಾನಕ್ಕೆ ಬಂದಿತ್ತು. ಕರ್ನಲ್ ಭೇದಿಸಿ ತೋರಿಸಿದವರಿಗೆ ಹಣ ಕೊಡುವ ಯೋಜನೆಯನ್ನು ಅದು ನಡೆಸುತ್ತದೆ. ಬಂದ ಅರ್ಜಿಗಳಲ್ಲಿ ಶೇ. 60ರಷ್ಟು ‘ಐಒ-ಯೂರಿಂಗ್’ ಎಂಬ ಒಂದೇ ಭಾಗವನ್ನು ಬಳಸಿದ್ದವು. ಅದೊಂದಕ್ಕೇ ಸುಮಾರು 10 ಲಕ್ಷ ಡಾಲರ್ ಬಹುಮಾನ ಹೋಗಿತ್ತು. 2023ರಲ್ಲಿ ಗೂಗಲ್ ತನ್ನ ಸರ್ವರ್‌ಗಳಲ್ಲೂ ಕ್ರೋಮ್ ಓಎಸ್‌ನಲ್ಲೂ ಆ ಸೌಲಭ್ಯವನ್ನೇ ನಿಲ್ಲಿಸಿತು, ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳ ಕೈಗೆ ಸಿಗದಂತೆ ಮಾಡಿತು. ಒಂದೊಂದೇ ಲೋಪಕ್ಕೆ ಅಂಕ ಹಾಕುತ್ತ ಕೂರುವುದಕ್ಕಿಂತ ಇದು ಬುದ್ಧಿವಂತಿಕೆಯ ಮೌಲ್ಯಮಾಪನ ಎನ್ನಲೇಬೇಕು.

ದಾರಿ ಇದ್ದ ಮೇಲೆ ಯಾರಾದರೂ ನಡೆದೇ ನಡೆಯುತ್ತಾರೆಯೇ? ಹೇಳುವುದು ಕಷ್ಟ. 2019ರ ಮೇ ತಿಂಗಳಲ್ಲಿ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ ಬ್ಲೂಕೀಪ್ ಎಂಬ ಲೋಪ ಸಿಕ್ಕಾಗ ಅಂಕ 9.8, ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ದುರ್ಬಲ ಯಂತ್ರಗಳು ಸುಮಾರು 9.5 ಲಕ್ಷ. ಎರಡನೇ ವಾನ್ನಾಕ್ರೈ ಬಂದೇಬಿಟ್ಟಿತು ಎಂದು ಎಲ್ಲರೂ ಕಾದರು. ನವೆಂಬರ್‌ನಲ್ಲಿ ಬಂದದ್ದು ಕ್ರಿಪ್ಟೊ ನಾಣ್ಯ ಗಣಿಗಾರಿಕೆಯ ಒಂದು ಪೆದ್ದು ದಾಳಿ. ಅದು ಹಿಡಿಯಬೇಕಾದ ಯಂತ್ರಗಳನ್ನೇ ನೀಲಿ ಪರದೆಗೆ ಕೆಡವುತ್ತಿತ್ತು. ಬೇರೊಂದು ಲೋಪಕ್ಕೆಂದು, ಅಂದರೆ ಪ್ರೊಸೆಸರ್‌ಗಳ ಮೆಲ್ಟ್‌ಡೌನ್ ಲೋಪಕ್ಕೆಂದು, ಹಾಕಿದ್ದ ಪ್ಯಾಚ್ ಈ ದಾಳಿ ಕೋಡ್‌ನ ಲೆಕ್ಕಾಚಾರವನ್ನು ಕೆಡಿಸಿತ್ತು.

ಇಂಥ ಅನಿಶ್ಚಿತತೆಗೆ ಉತ್ತರವಾಗಿ ಎರಡು ಸಾಧನಗಳು ಬಳಕೆಗೆ ಬಂದಿವೆ. ಒಂದು ಇಪಿಎಸ್‌ಎಸ್: ಮುಂದಿನ 30 ದಿನಗಳಲ್ಲಿ ಈ ಲೋಪದ ಮೇಲೆ ದಾಳಿ ನಡೆಯುವ ಸಂಭವವೆಷ್ಟು ಎಂದು ದತ್ತಾಂಶದಿಂದ ಅಂದಾಜಿಸುವುದು. ಇನ್ನೊಂದು, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಲ್ಲಿ ಆರಂಭಿಸಿದ, ನಿಜಕ್ಕೂ ದಾಳಿಗೆ ಬಳಕೆಯಾದ ಲೋಪಗಳ ಪಟ್ಟಿ. ಮೊದಲನೆಯದು ಭವಿಷ್ಯ, ಎರಡನೆಯದು ಭೂತ. ಕರ್ನಲ್ ಮಟ್ಟಿಗೆ ಎರಡನೆಯದೇ ಹೆಚ್ಚು ಉಪಯುಕ್ತ. ಏಕೆಂದರೆ ಯಂತ್ರದೊಳಗೆ ನಡೆಯುವ ಅಧಿಕಾರದ ಏರಿಕೆ ನೆಟ್‌ವರ್ಕ್ ಕಾವಲು ಉಪಕರಣಗಳ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಅಂದಾಜಿಗೆ ಬೇಕಾದ ದತ್ತಾಂಶವೇ ತೆಳು. ಮೇಲೆ ಹೇಳಿದ ಎನ್‌ಎಫ್-ಟೇಬಲ್ಸ್ ಲೋಪ 2024ರ ಮೇ 30ರಂದು ಈ ಪಟ್ಟಿ ಸೇರಿತು.

ಅದೇ ವರ್ಷದ ಫೆಬ್ರುವರಿಯಲ್ಲಿ ಲಿನಕ್ಸ್ ಕರ್ನಲ್ ತಂಡ ತನ್ನ ಲೋಪಗಳಿಗೆ ತಾನೇ ಸಿವಿಇ ಸಂಖ್ಯೆ ಕೊಡುವ ಅಧಿಕಾರ ಪಡೆಯಿತು. ಕರ್ನಲ್‌ನಂಥ ಜಾಗದಲ್ಲಿ ಬಹುತೇಕ ಯಾವ ತಪ್ಪೂ ಭದ್ರತೆಯ ತಪ್ಪಾಗಬಲ್ಲದು ಎಂಬುದು ಆ ತಂಡದ ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಸಂಗಡಿಗರ ನಿಲುವು. ಅದರಂತೆ ಸಂಖ್ಯೆಗಳ ಮಳೆ ಸುರಿಯಿತು. ಮೊದಲ ವರ್ಷದಲ್ಲೇ ಸಾವಿರಾರು. ಅಂಕವನ್ನು ಅವರು ಕೊಡುವುದಿಲ್ಲ. ನಿಮ್ಮ ಯಂತ್ರದ ಬಳಕೆ ನಮಗೆ ಗೊತ್ತಿಲ್ಲ, ಸ್ಥಿರ ಆವೃತ್ತಿಯ ಅಪ್‌ಡೇಟ್‌ಗಳನ್ನು ಇಡಿಯಾಗಿ ಹಾಕಿಕೊಳ್ಳಿ ಎಂಬುದೇ ಅವರ ಸಲಹೆ. ವಾದ ಪ್ರಾಮಾಣಿಕವಾದದ್ದೇ. ಆದರೆ ಪ್ರತಿ ಸಿವಿಇಗೂ ಸಮಜಾಯಿಷಿ ಬರೆಯಬೇಕಾದ ಕಂಪನಿಗಳಿಗೆ ಅದು ನುಂಗಲಾರದ ತುತ್ತು. ಅದೇ ತಿಂಗಳಿಂದ ಅಮೆರಿಕದ ರಾಷ್ಟ್ರೀಯ ಲೋಪ ಕೋಶದಲ್ಲೂ ವಿಶ್ಲೇಷಣೆಯ ಕೆಲಸ ಕುಂಟಿ, ಅಂಕವಿಲ್ಲದ ಲೋಪಗಳ ರಾಶಿ ಬೆಳೆಯಿತು.

ಎಲ್ಲವನ್ನೂ ಕೂಡಲೇ ಹಾಕಿಕೊಂಡರೆ ಮುಗಿಯಿತಲ್ಲ ಎನ್ನುವವರು ದುರಸ್ತಿಗೂ ಅಪಾಯವಿದೆ ಎಂಬುದನ್ನು ಮರೆಯುತ್ತಾರೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್‌ಗೆಂದು ಮೈಕ್ರೋಸಾಫ್ಟ್ ಕೊಟ್ಟ ಪ್ಯಾಚ್ 64-ಬಿಟ್ ವಿಂಡೋಸ್ 7ರಲ್ಲಿ ಮೆಮೊರಿಯ ಮುಖ್ಯ ಪಟ್ಟಿಯನ್ನೇ ಸಾಮಾನ್ಯ ಪ್ರೋಗ್ರಾಂಗಳಿಗೆ ತೆರೆದಿಟ್ಟಿತು. ಮೆಲ್ಟ್‌ಡೌನ್ ಕದ್ದು ಓದಲಷ್ಟೇ ಬಿಡುತ್ತಿತ್ತು. ಪ್ಯಾಚ್ ಬರೆಯಲೂ ಬಿಟ್ಟಿತು. ಮಾರ್ಚ್‌ನಲ್ಲಿ ಉಲ್ಫ್ ಫ್ರಿಸ್ಕ್ ಅದನ್ನು ತೋರಿಸಿದಾಗ ಪ್ಯಾಚ್‌ಗೆ ಪ್ಯಾಚ್ ಬಂತು. 2024ರ ಜುಲೈ 19ರ ಪ್ರಕರಣ ಲೋಪದ್ದಲ್ಲ, ಆದರೆ ಕರ್ನಲ್‌ನಲ್ಲಿ ಅವಸರದ ಬೆಲೆ ಏನೆಂದು ತೋರಿಸಿದ್ದು ಅದೇ. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಡ್ರೈವರ್ ತನಗೆ ಬಂದ ಒಂದು ಅಪ್‌ಡೇಟ್ ಓದುವಾಗ ಮೆಮೊರಿಯ ಎಲ್ಲೆ ಮೀರಿತು. 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಅಂದು ಚೆಕ್-ಇನ್ ಸಾಲುಗಳು ಬೆಳೆದವು.

ಆದ್ದರಿಂದ ದೊಡ್ಡ ಸಂಸ್ಥೆಗಳು ಮೊದಲು ಕೆಲವೇ ಸರ್ವರ್‌ಗಳ ಮೇಲೆ ಹೊಸ ಕರ್ನಲ್ ಓಡಿಸಿ, ಬಳಿಕ ಹಂತಹಂತವಾಗಿ ಹರಡುತ್ತವೆ. ಯಂತ್ರ ನಿಲ್ಲಿಸದೆಯೇ ಓಡುತ್ತಿರುವ ಕರ್ನಲ್‌ಗೆ ತೇಪೆ ಹಾಕುವ ಲೈವ್ ಪ್ಯಾಚಿಂಗ್ 2015ರ 4.0 ಆವೃತ್ತಿಯಿಂದ ಲಿನಕ್ಸ್‌ನಲ್ಲಿದೆ. ಆದರೆ ಎಲ್ಲ ದುರಸ್ತಿಗಳಿಗೂ ಅದು ಒಗ್ಗದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಜ್ಞರು 2019ರಲ್ಲಿ ಮುಂದಿಟ್ಟ ಎಸ್‌ಎಸ್‌ವಿಸಿ ವಿಧಾನ ಅಂಕದ ಗೋಜನ್ನೇ ಬಿಟ್ಟು, ದಾಳಿ ನಡೆಯುತ್ತಿದೆಯೇ, ತಾನಾಗಿ ಹರಡಬಲ್ಲದೇ, ಜನಜೀವನಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗಳ ಕವಲುಗಳಲ್ಲಿ ನಡೆಸಿಕೊಂಡು ಹೋಗಿ ‘ಕಣ್ಣಿಡಿ’ಯಿಂದ ‘ಈಗಲೇ ಮಾಡಿ’ಯವರೆಗಿನ ತೀರ್ಮಾನಗಳಲ್ಲಿ ಒಂದಕ್ಕೆ ತಲುಪಿಸುತ್ತದೆ.

ಸರ್ವರ್‌ಗಳಿಗಾದರೆ ತೀರ್ಮಾನಿಸುವ ಒಬ್ಬ ವ್ಯವಸ್ಥಾಪಕನಾದರೂ ಇರುತ್ತಾನೆ. ಫೋನಿಗೆ ಅವನೂ ಇಲ್ಲ. ಆಂಡ್ರಾಯ್ಡ್‌ನ ಬೈಂಡರ್ ಎಂಬ ಕರ್ನಲ್ ಭಾಗದಲ್ಲಿದ್ದ ಲೋಪವೊಂದನ್ನು ಗೂಗಲ್‌ನ ಸ್ವಯಂಚಾಲಿತ ಪರೀಕ್ಷಾ ಯಂತ್ರ 2017ರ ನವೆಂಬರ್‌ನಲ್ಲೇ ಹಿಡಿದಿತ್ತು. 2018ರ ಫೆಬ್ರುವರಿಯಲ್ಲಿ ಲಿನಕ್ಸ್‌ನಲ್ಲಿ ಅದು ಸರಿಹೋಯಿತು, ಯಾವ ಸಿವಿಇ ಸಂಖ್ಯೆಯೂ ಇಲ್ಲದೆ, ಸದ್ದಿಲ್ಲದೆ. ಸಂಖ್ಯೆಯಿಲ್ಲದ್ದು ಆಂಡ್ರಾಯ್ಡ್‌ನ ಮಾಸಿಕ ಸುರಕ್ಷಾ ಪ್ರಕಟಣೆಗೂ ಬರಲಿಲ್ಲ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಗೂಗಲ್‌ನ ಪ್ರಾಜೆಕ್ಟ್ ಜೀರೊ ತಂಡದ ಮ್ಯಾಡಿ ಸ್ಟೋನ್, ಇಸ್ರೇಲಿನ ಬೇಹು ತಂತ್ರಾಂಶ ಕಂಪನಿಯಾದ ಎನ್‌ಎಸ್‌ಒ ಸಮೂಹದ ನಂಟಿದೆ ಎನ್ನಲಾದ ದಾಳಿಯೊಂದರ ಸುಳಿವು ಹಿಡಿದು ಹೊರಟು ಅದೇ ಲೋಪಕ್ಕೆ ಬಂದು ತಲುಪಿದಳು. ಗೂಗಲ್‌ನದೇ ಪಿಕ್ಸೆಲ್ 2 ಆ ಹೊತ್ತಿಗೂ ತೆರೆದಿತ್ತು. ಭಾರತದಲ್ಲಿ ಧಾರಾಳವಾಗಿ ಮಾರಾಟವಾಗಿದ್ದ ರೆಡ್‌ಮಿ 5ಎ ಕೂಡ ಅವಳ ಪಟ್ಟಿಯಲ್ಲಿತ್ತು. ಅದಕ್ಕೆ ಸಂಖ್ಯೆ ಸಿಕ್ಕಿದ್ದು ಆಮೇಲೆ, ಸಿವಿಇ-2019-2215 ಎಂದು. ಅಂಕ 7.8.